ಮಾಲು ಯಾರದ್ದು, ಚಿಂತೆ ಯಾರದ್ದು?

ನನ್ನ ಕೆಲಸದಲ್ಲಿ ದಿನಕ್ಕೆ ಇಪ್ಪತ್ತು ಸಲವಾದರೂ ಮೂರಕ್ಷರದ ಪದಗಳು ಬಾಯಿಗೆ ಬರುತ್ತವೆ. ಎಫ್‌ಒಬಿ, ಸಿಐಎಫ್, ಎಫ್‌ಸಿಎ, ಡಿಡಿಪಿ. ಮಂಗಳೂರಿನ ಒಂದು ಫ್ರೇಟ್ ಫಾರ್ವರ್ಡಿಂಗ್ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಡಾಕ್ಯುಮೆಂಟೇಶನ್ ನೋಡಿಕೊಳ್ತಾ ಇದ್ದೇನೆ. ಅಂದರೆ ಇಲ್ಲಿಂದ ಹೊರಡುವ ಕಾಫಿಗೆ, ಗೇರುಬೀಜಕ್ಕೆ ಕಂಟೇನರ್ ಬುಕ್ ಮಾಡುವುದು, ಕಸ್ಟಮ್ಸ್ ಕಾಗದ ಸಿದ್ಧ ಮಾಡಿಸುವುದು, ಹಡಗು ಹೊರಟ ಮೇಲೆ ಬಿಲ್ ಆಫ್ ಲೇಡಿಂಗ್ ಕೈಗೆ ಸಿಗುವ ತನಕ ಫೋನ್ ಮಾಡ್ತಾ ಕೂರುವುದು.

ಈ ಮೂರಕ್ಷರಗಳನ್ನು ಹೆಚ್ಚಿನವರು ರೇಟಿನ ಬಾಲ ಅಂದುಕೊಂಡಿದ್ದಾರೆ. ‘ಎಫ್‌ಒಬಿ ಎಷ್ಟು, ಸಿಐಎಫ್ ಎಷ್ಟು’ ಅಂತ ಕೇಳ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಹಡಗಿನ ಬಾಡಿಗೆ ಮತ್ತು ಇನ್ಶೂರೆನ್ಸ್ ಅಷ್ಟೇ ಅಂತ ಲೆಕ್ಕ ಮುಗಿಸ್ತಾರೆ. ಆದರೆ ರೇಟಿಗಿಂತ ದೊಡ್ಡ ಪ್ರಶ್ನೆಯೊಂದು ಅದರೊಳಗೆ ಕೂತಿರುತ್ತದೆ. ದಾರಿಯಲ್ಲಿ ಮಾಲಿಗೆ ಏನಾದರೂ ಆದರೆ ಆ ನಷ್ಟ ಯಾರ ತಲೆ ಮೇಲೆ? ಲಾರಿ ಫ್ಯಾಕ್ಟರಿ ಗೇಟು ದಾಟುವ ಮೊದಲೇ ಅದಕ್ಕೆ ಉತ್ತರ ಒಪ್ಪಂದದ ಕಾಗದದಲ್ಲಿ ಬರೆದು ಆಗಿರುತ್ತದೆ. ಓದಿ ನೋಡುವವರು ಕಡಿಮೆ.

ಆಫೀಸಿನಲ್ಲಿ ಇದು ದಿನನಿತ್ಯದ ಮಾತು. ನಮ್ಮ ಮನೆಯ ಮಾತಾಗಿದ್ದು 2025ರ ಮೇ ತಿಂಗಳಲ್ಲಿ.

ಕಾರ್ಕಳದ ಕಡೆ ನನ್ನ ಚಿಕ್ಕಮ್ಮನದ್ದು ಒಂದು ಸಣ್ಣ ಗೇರುಬೀಜ ಫ್ಯಾಕ್ಟರಿ ಉಂಟು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರೇ ನಡೆಸ್ತಾ ಇದ್ದಾರೆ. ಬೀಜ ಬೇಯಿಸುವುದು, ಒಡೆಯುವುದು, ಸಿಪ್ಪೆ ತೆಗೆಯುವುದು, ಗ್ರೇಡ್ ಮಾಡುವುದು ಅಂತ ನಲವತ್ತು ಹೆಂಗಸರು ದಿನಾ ಕೆಲಸಕ್ಕೆ ಬರ್ತಾರೆ. ಅಲ್ಲಿವರೆಗೆ ತಿರುಳನ್ನು ಊರಿನ ವ್ಯಾಪಾರಿಗಳಿಗೇ ಕೊಡ್ತಾ ಇದ್ದರು. ಆ ವರ್ಷ ನೆದರ್‌ಲ್ಯಾಂಡ್ಸ್‌ನ ಒಬ್ಬ ಖರೀದಿದಾರರು ಸ್ಯಾಂಪಲ್ ನೋಡಿ ಒಪ್ಪಿ, ಒಂದು ಕಂಟೇನರ್ ಬೇಕು ಅಂದರು. ಡಬ್ಲ್ಯೂ 320 ಗ್ರೇಡಿನದ್ದು, ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ಬರುವಂಥದ್ದು.

ಇಪ್ಪತ್ತು ಅಡಿಯ ಒಂದು ಕಂಟೇನರಿನಲ್ಲಿ ಸಾಮಾನ್ಯವಾಗಿ 700 ಪೆಟ್ಟಿಗೆ ಹಿಡಿಯುತ್ತದೆ. ಒಂದೊಂದು ಪೆಟ್ಟಿಗೆಯಲ್ಲಿ 22.68 ಕಿಲೋ. ಐವತ್ತು ಪೌಂಡಿನ ಹಳೆಯ ಲೆಕ್ಕ ಈಗಲೂ ಹಾಗೇ ಉಳಿದಿದೆ. ಒಟ್ಟು 15,876 ಕಿಲೋ. ರೂಪಾಯಿಯಲ್ಲಿ ಕೋಟಿಯ ಆಸುಪಾಸು. ಅಷ್ಟು ಬೀಜ ಕೊಳ್ಳಲು ಚಿಕ್ಕಮ್ಮ ಬ್ಯಾಂಕಿನಿಂದ ಪ್ಯಾಕಿಂಗ್ ಕ್ರೆಡಿಟ್ ತೆಗೆಯಬೇಕಿತ್ತು. ಅದಕ್ಕೆ ಆಧಾರ ಅಂತ ಮನೆ ಮತ್ತು ಹಿಂದಿನ ತೋಟದ ಪತ್ರ ಬ್ಯಾಂಕಿನಲ್ಲಿ ಇಟ್ಟಾಗಿತ್ತು.

ಖರೀದಿದಾರರ ಮೇಲ್ ಬಂದ ಸಂಜೆ ಚಿಕ್ಕಮ್ಮ ಫೋನ್ ಮಾಡಿದರು. “ಎಂತ ಮಾರಾಯ್ತಿ ಇದು? ಒಂದೇ ಮಾಲಿಗೆ ನಾಲ್ಕು ರೇಟು ಬರೆದಿದ್ದಾರೆ! ನಿಮಗೆ ಯಾವುದು ಬೇಕು ಹೇಳಿ ಅಂತ. ಜಾಸ್ತಿ ಇರುವುದನ್ನೇ ಹಿಡಿಯಿರಿ ಅಂತ ಬ್ರೋಕರ್ ಹೇಳ್ತಾರೆ.”

ನಾಲ್ಕು ರೇಟು ಹೀಗಿದ್ದವು. ಫ್ಯಾಕ್ಟರಿಯಲ್ಲೇ ಕೊಟ್ಟರೆ ಒಂದು, ಅದು ಇಎಕ್ಸ್‌ಡಬ್ಲ್ಯೂ. ಮಂಗಳೂರಿನಲ್ಲಿ ಹಡಗಿಗೆ ಏರಿಸಿ ಕೊಟ್ಟರೆ ಇನ್ನೊಂದು, ಅದು ಎಫ್‌ಒಬಿ. ರಾಟರ್‌ಡ್ಯಾಮ್ ಬಂದರಿನ ತನಕ ಬಾಡಿಗೆ, ಇನ್ಶೂರೆನ್ಸ್ ಕಟ್ಟಿ ಕಳಿಸಿದರೆ ಮೂರನೆಯದು, ಸಿಐಎಫ್. ಅಲ್ಲಿನ ತೆರಿಗೆಯನ್ನೂ ಕಟ್ಟಿ ಅವರ ಗೋದಾಮಿಗೇ ಮುಟ್ಟಿಸಿದರೆ ನಾಲ್ಕನೆಯದು, ಡಿಡಿಪಿ. ಎಲ್ಲಕ್ಕಿಂತ ಹೆಚ್ಚಿನ ರೇಟು ಸಹಜವಾಗಿ ಅದಕ್ಕೇ.

ಅದೇ ವಾರ ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. ವಿಳಿಂಜಮ್‌ನಿಂದ ಕೊಚ್ಚಿಗೆ ಬರುತ್ತಿದ್ದ ಹಡಗು ಮೇ 24ರಂದು ವಾಲಿ, ಮರುದಿನ 640 ಕಂಟೇನರುಗಳ ಜೊತೆ ನೀರಿಗಿಳಿಯಿತು. ಕೇರಳದ ಕಡಲ ಕರೆಗೆ ಕಂಟೇನರುಗಳು ತೇಲಿ ಬಂದು ಬಡಿಯುವುದನ್ನು ನೀವೂ ಫೋನಿನಲ್ಲಿ ನೋಡಿರಬಹುದು. ಚಿಕ್ಕಮ್ಮ ಟಿವಿಯಲ್ಲಿ ನೋಡಿದ್ದರು. ರಾತ್ರಿ ಹತ್ತೂವರೆಗೆ ಮತ್ತೆ ಫೋನ್.

“ಅದರಲ್ಲಿ ನಮ್ಮ ಮಾಲು ಇದ್ದಿದ್ರೆ? ಯಾರಿಗೆ ಹೋಗ್ತಿತ್ತು ಆ ದುಡ್ಡು?”

“ನೀವು ಆ ನಾಲ್ಕರಲ್ಲಿ ಯಾವುದಕ್ಕೆ ಹೂಂ ಅಂತೀರೋ ಅದರ ಮೇಲೆ ಉಂಟು ಚಿಕ್ಕಮ್ಮ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಭಾನುವಾರ ಬಾ” ಅಂದರು.

ಚಿಕ್ಕಮ್ಮನ ಮಗಳು ಬೆಂಗಳೂರಲ್ಲಿ ಇರುವುದು. ತಿಂಗಳಿಗೊಮ್ಮೆ ಅವಳಿಗೆ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ ರಾತ್ರಿ ಬಸ್ಸಿನಲ್ಲಿ ಹೋಗುತ್ತದೆ. ನಾನು ಅಲ್ಲಿಂದಲೇ ಶುರು ಮಾಡಿದೆ.

“ಕಟ್ಟಿ ಜಗಲಿಯಲ್ಲಿ ಇಟ್ಟಿದ್ದೇನೆ, ನೀನೇ ಬಂದು ತಗೊಂಡು ಹೋಗು ಅಂದ್ರೆ ಅದು ಇ ಗುಂಪು. ಬಸ್‌ಸ್ಟ್ಯಾಂಡಿಗೆ ತಂದು ನೀನು ಹೇಳಿದ ಬಸ್ಸಿನವರ ಕೈಗೆ ಕೊಡ್ತೇನೆ, ಬಾಡಿಗೆ ನೀನು ಕೊಡು ಅಂದ್ರೆ ಎಫ್ ಗುಂಪು. ಬಾಡಿಗೆ ನಾನೇ ಕೊಡ್ತೇನೆ, ಆದ್ರೆ ಬಸ್ಸಿಗೆ ಹಾಕಿದ ಮೇಲೆ ಬಾಟ್ಲಿ ಒಡೆದ್ರೆ ನನ್ನನ್ನು ಕೇಳಬೇಡ ಅಂದ್ರೆ ಸಿ ಗುಂಪು. ನಿನ್ನ ಮನೆ ಬಾಗಿಲಿಗೆ ಮುಟ್ಟುವ ತನಕ ಎಲ್ಲ ನನ್ನದೇ ಅಂದ್ರೆ ಡಿ ಗುಂಪು.”

ಚಿಕ್ಕಮ್ಮ ಮೂರನೆಯದರಲ್ಲೇ ನಿಂತರು. “ಬಾಡಿಗೆ ಕೊಟ್ಟದ್ದು ನಾನು, ಒಡೆದ್ರೆ ನಷ್ಟ ಅವಳದ್ದಾ? ಅದು ಹೇಗೆ?”

ಎಷ್ಟೋ ವರ್ಷ ರಫ್ತು ಮಾಡಿದವರೂ ಈ ಪ್ರಶ್ನೆಯಲ್ಲೇ ಎಡವುತ್ತಾರೆ. ಸಿಐಎಫ್ ರಾಟರ್‌ಡ್ಯಾಮ್ ಅಂತ ಬರೆದರೆ, ರಾಟರ್‌ಡ್ಯಾಮ್ ತನಕ ಮಾಲಿನ ಹೊಣೆ ಮಾರುವವರದ್ದು ಅಂತ ಇಬ್ಬರೂ ನಂಬಿರುತ್ತಾರೆ. ಹಾಗಲ್ಲ. ಅಲ್ಲಿನ ತನಕ ಖರ್ಚು ಮಾತ್ರ ಮಾರುವವರದ್ದು. ಮಾಲು ಹಾಳಾದರೆ, ಕಳೆದುಹೋದರೆ ಅನ್ನುವ ರಿಸ್ಕ್ ಇಲ್ಲೇ ಮಂಗಳೂರಿನಲ್ಲಿ, ಹಡಗಿನ ಮೇಲೆ ಇಟ್ಟ ಕ್ಷಣದಲ್ಲಿ ಕೊಳ್ಳುವವರಿಗೆ ದಾಟಿ ಹೋಗಿರುತ್ತದೆ. ಖರ್ಚು ಒಂದು ಊರಿನಲ್ಲಿ ಕೈ ಬದಲಾಯಿಸುತ್ತದೆ, ರಿಸ್ಕ್ ಇನ್ನೊಂದು ಊರಿನಲ್ಲಿ.

ಈ ನಿಯಮಗಳನ್ನು ಬರೆದದ್ದು ಯಾವ ಸರ್ಕಾರವೂ ಅಲ್ಲ. 1919ರಲ್ಲಿ ಸ್ಥಾಪನೆಯಾದ, ಪ್ಯಾರಿಸ್‌ನಲ್ಲಿರುವ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್. ಒಂದೇ ಪದಕ್ಕೆ ಒಂದೊಂದು ದೇಶದ ವ್ಯಾಪಾರಿಗಳು ಒಂದೊಂದು ಅರ್ಥ ಹೇಳಿ ಜಗಳಾಡುತ್ತಿದ್ದ ಕಾಲದಲ್ಲಿ, ಎಲ್ಲರಿಗೂ ಒಂದೇ ಅರ್ಥ ಇರಲಿ ಅಂತ 1936ರಲ್ಲಿ ಮೊದಲ ಇನ್‌ಕೋಟರ್ಮ್ಸ್ ತಂದರು. ಆಮೇಲೆ ಹಲವು ಸಲ ತಿದ್ದಿದ್ದಾರೆ. ಈಗ ನಡೆಯುತ್ತಿರುವುದು 2020ರ ಜನವರಿ 1ರಿಂದ ಜಾರಿಗೆ ಬಂದದ್ದು. ಅದರಲ್ಲಿ ಒಟ್ಟು 11 ಪದಗಳಿವೆ. ಇವು ತಾವಾಗಿ ಕಾನೂನು ಅಲ್ಲ. ಇಬ್ಬರೂ ಒಪ್ಪಿ ಒಪ್ಪಂದದಲ್ಲಿ ಬರೆದರೆ ಮಾತ್ರ ಅನ್ವಯ.

ಹಾಗಾದರೆ ನಾಲ್ಕರಲ್ಲಿ ಯಾವುದು? ಜಗಲಿಯಲ್ಲಿ ಕೂತು ಒಂದೊಂದನ್ನೇ ತೂಗಿ ನೋಡಿದೆವು. ಹೊರಗೆ ಮುಂಗಾರು ಹಿಡಿದಿತ್ತು.

ಮೊದಲು ಬ್ರೋಕರ್ ಹೇಳಿದ ಡಿಡಿಪಿ. ರೇಟು ಚೆನ್ನಾಗಿದೆ. ಆದರೆ ಅದರಲ್ಲಿ ಅಲ್ಲಿನ ಕಸ್ಟಮ್ಸ್‌ನಿಂದ ಮಾಲು ಬಿಡಿಸುವ ಕೆಲಸವೂ ನಮ್ಮದೇ. ಐರೋಪ್ಯ ಒಕ್ಕೂಟದೊಳಗೆ ಮಾಲು ತರುವವರಿಗೆ ಇಒಆರ್‌ಐ ಅನ್ನುವ ನೋಂದಣಿ ನಂಬರ್ ಬೇಕು. ಅಲ್ಲಿನ ವ್ಯಾಟ್ ಕಟ್ಟಬೇಕು. ತಿನ್ನುವ ಸಾಮಾನು ಆದ್ದರಿಂದ ತಪಾಸಣೆಗೆ ಅಂತ ತಡೆದರೆ ದಿನಕ್ಕಿಷ್ಟು ಅಂತ ಬಂದರಿನ ಬಾಡಿಗೆಯೂ ಏರುತ್ತದೆ. ಕಾರ್ಕಳದಲ್ಲಿ ಕೂತು ರಾಟರ್‌ಡ್ಯಾಮಿನ ಆಫೀಸರಿಗೆ ಚಿಕ್ಕಮ್ಮ ಎಂತ ಉತ್ತರ ಕೊಡುವುದು? ಅಲ್ಲಿ ಸ್ವಂತ ಆಫೀಸು, ಏಜೆಂಟರು ಇರುವ ದೊಡ್ಡ ಕಂಪನಿಗೆ ಡಿಡಿಪಿ ಸರಿ. ನಮಗಲ್ಲ.

ಇಎಕ್ಸ್‌ಡಬ್ಲ್ಯೂ ಮೇಲ್ನೋಟಕ್ಕೆ ಬಹಳ ಸುಖ. ಗೇಟಿನಲ್ಲಿ ಕೊಟ್ಟು ಕೈ ತೊಳೆದುಕೊಳ್ಳಬಹುದು ಅನಿಸುತ್ತದೆ. ನಿಯಮದ ಪ್ರಕಾರ ಲಾರಿಗೆ ತುಂಬಿಸುವುದೂ ಕೊಳ್ಳುವವರ ಕೆಲಸ, ರಫ್ತಿನ ಕ್ಲಿಯರೆನ್ಸೂ ಅವರದ್ದೇ. ಆದರೆ ನಮ್ಮ ದೇಶದಲ್ಲಿ ಶಿಪ್ಪಿಂಗ್ ಬಿಲ್ ಹಾಕಲು ಐಇಸಿ ನಂಬರ್ ಬೇಕು. ಡಚ್ಚಿನವರ ಹತ್ತಿರ ಅದು ಎಲ್ಲಿಂದ? ಕೊನೆಗೆ ಚಿಕ್ಕಮ್ಮನ ಹೆಸರಿನಲ್ಲೇ ಕಾಗದ ಆಗುತ್ತದೆ, ಆದರೆ ಮಾಲು ಯಾವಾಗ ಹೊರಡಬೇಕು ಅನ್ನುವುದು ಅವರ ಏಜೆಂಟರ ಕೈಯಲ್ಲಿ. ಎಲ್‌ಯುಟಿ ಕೊಟ್ಟು ಜಿಎಸ್‌ಟಿ ಕಟ್ಟದೆ ಕಳಿಸುವ ಮಾಲು ಇನ್‌ವಾಯ್ಸ್ ದಿನದಿಂದ ಮೂರು ತಿಂಗಳೊಳಗೆ ದೇಶ ಬಿಡಬೇಕು ಅನ್ನುವ ನಿಯಮ ಬೇರೆ. ತಡ ಆದರೆ ತೆರಿಗೆ, ಬಡ್ಡಿ ಕೇಳುವುದು ಚಿಕ್ಕಮ್ಮನನ್ನು. ಹೆಸರು ನಮ್ಮದು, ಹಿಡಿತ ಬೇರೆಯವರದ್ದು ಅನ್ನುವ ಸ್ಥಿತಿ ಯಾವ ವ್ಯವಹಾರದಲ್ಲೂ ಒಳ್ಳೆಯದಲ್ಲ.

ಸಿಐಎಫ್‌ನಲ್ಲಿ ಹಡಗಿನ ಬಾಡಿಗೆಯ ಭಯ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಹೂಥಿಗಳ ದಾಳಿ ಶುರುವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದವು. ದಾರಿ ಉದ್ದ, ಬಾಡಿಗೆ ಯಾವಾಗ ಏರುತ್ತದೆ ಹೇಳಲಿಕ್ಕೆ ಬರುವುದಿಲ್ಲ. ಮೇ ತಿಂಗಳಲ್ಲಿ ಒಪ್ಪಿದ ಸಿಐಎಫ್ ರೇಟಿಗೆ ಜೂನ್ ಕೊನೆಯಲ್ಲಿ ಮಾಲು ಕಳಿಸುವಾಗ ಬಾಡಿಗೆ ಏರಿದ್ದರೆ, ಆ ಹೆಚ್ಚುವರಿ ಚಿಕ್ಕಮ್ಮನ ಲಾಭದಿಂದಲೇ ಹೋಗಬೇಕು.

ಉಳಿದದ್ದು ಎಫ್‌ಒಬಿ. ಗೇರುಬೀಜದವರು, ಕಾಫಿಯವರು ಎಲ್ಲ ಹಿಂದಿನಿಂದಲೂ ಇದನ್ನೇ ಬರೆಯುವುದು. “ಎಲ್ಲರೂ ಮಾಡ್ತಾರೆ ಅಂದ್ಮೇಲೆ ಅದೇ ಆಗ್ಲಿ” ಅಂದರು ಚಿಕ್ಕಮ್ಮ. ನನಗೆ ಅಲ್ಲೂ ಒಂದು ತಕರಾರು ಇತ್ತು.

ಎಫ್‌ಒಬಿ ಹುಟ್ಟಿದ್ದು ಕಂಟೇನರ್ ಅನ್ನುವುದೇ ಇಲ್ಲದ ಕಾಲದಲ್ಲಿ. ಮಾರುವವರು ಚೀಲಗಳನ್ನು ಹಡಗಿನ ಪಕ್ಕಕ್ಕೆ ತಂದು, ತಾವೇ ನಿಂತು ಮೇಲೆ ಏರಿಸುತ್ತಿದ್ದರು. ಏರಿಸುವ ತನಕ ಮಾಲು ಅವರ ಕಣ್ಣೆದುರೇ ಇರುತ್ತಿತ್ತು. ಈಗ ಹಾಗಲ್ಲ. ನಮ್ಮ ಲಾರಿ ಪಣಂಬೂರಿನ ಟರ್ಮಿನಲ್ ಗೇಟಿನೊಳಗೆ ಕಂಟೇನರ್ ಬಿಟ್ಟು ವಾಪಸ್ ಬರುತ್ತದೆ. ಆಮೇಲೆ ಅದನ್ನು ಎಲ್ಲಿ ಇಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾವ ಕ್ರೇನು ಎತ್ತುತ್ತದೆ, ಒಂದೂ ನಮ್ಮ ಕೈಯಲ್ಲಿಲ್ಲ. ಆದರೆ ಎಫ್‌ಒಬಿ ಅಂತ ಬರೆದರೆ ಹಡಗಿನ ಮೇಲೆ ಇಡುವ ತನಕ ರಿಸ್ಕ್ ನಮ್ಮದೇ. ಗೇಟಿನಿಂದ ಹಡಗಿನ ತನಕ ಒಂದು ಕಿಲೋಮೀಟರೂ ಇರಲಿಕ್ಕಿಲ್ಲ. ಮಳೆಗಾಲದಲ್ಲಿ ಹಡಗು ತಡವಾದರೆ ಆ ದಾರಿಗೆ ಒಂದು ವಾರ, ಹತ್ತು ದಿನ ಬೇಕಾಗುತ್ತದೆ.

ಕಂಟೇನರ್ ಮಾಲಿಗೆ ಎಫ್‌ಒಬಿ ಬೇಡ, ಎಫ್‌ಸಿಎ ಬಳಸಿ ಅಂತ ಚೇಂಬರಿನವರೇ ಹೇಳುವುದು ಇದೇ ಕಾರಣಕ್ಕೆ. ಎಫ್‌ಸಿಎಯಲ್ಲಿ ಒಪ್ಪಿದ ಜಾಗದಲ್ಲಿ, ಕೊಳ್ಳುವವರು ಗೊತ್ತು ಮಾಡಿದ ಸಾಗಣೆದಾರರ ವಶಕ್ಕೆ ಕೊಟ್ಟಲ್ಲಿಗೆ ನಮ್ಮ ರಿಸ್ಕ್ ಮುಗಿಯಿತು. ರಫ್ತಿನ ಕ್ಲಿಯರೆನ್ಸ್ ಮಾತ್ರ ನಮ್ಮದೇ, ಅದು ಇರಲೂಬೇಕು. ಜಾಗ ಅಂತ ಪಣಂಬೂರಿನ ಟರ್ಮಿನಲ್ ಹೆಸರನ್ನೇ ಬರೆದರೆ, ಗೇಟಿನ ಸ್ಲಿಪ್ಪು ಕೈಗೆ ಬಂದಾಗ ಚಿಕ್ಕಮ್ಮನ ಜವಾಬ್ದಾರಿ ದಾಟಿತು.

ಇಷ್ಟು ಹೇಳಿ ಮುಗಿಸುವಾಗ ಚಿಕ್ಕಮ್ಮ ಕೇಳಿದ ಮಾತು ನನಗೆ ಈಗಲೂ ನೆನಪುಂಟು. “ಹಾಗಾದ್ರೆ ನಮಗೆ ಬೇಡದ್ದನ್ನು ಅವರ ತಲೆಗೆ ಕಟ್ಟುವುದಾ? ಹಾಳಾದ್ರೆ ಅವರದ್ದು ಹಾಳಾಗ್ಲಿ ಅಂತಾ?”

ಒಂಬತ್ತು ವರ್ಷದಲ್ಲಿ ಯಾವ ಎಕ್ಸ್‌ಪೋರ್ಟರೂ ನನಗೆ ಇದನ್ನು ಕೇಳಿರಲಿಲ್ಲ. ಎಲ್ಲರೂ ಕೇಳುವುದು, ನನ್ನ ತಲೆಯಿಂದ ಹೇಗೆ ಇಳಿಸುವುದು ಅಂತ. ರಿಸ್ಕ್ ಅನ್ನುವುದು ಪದ ಬದಲಾಯಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ಇವರ ಮನೆಯಿಂದ ಎದ್ದು ಅವರ ಮನೆಯಲ್ಲಿ ಹೋಗಿ ಕೂರುತ್ತದೆ, ಅಷ್ಟೇ. ಆದ್ದರಿಂದ ಯಾರು ಗಟ್ಟಿಗರು, ಯಾರು ಯಾರನ್ನು ಒಪ್ಪಿಸಿದರು ಅನ್ನುವುದರಿಂದ ಇದು ತೀರ್ಮಾನ ಆಗಬಾರದು. ಆ ಹಾದಿಯಲ್ಲಿ ಮಾಲನ್ನು ನೋಡಿಕೊಳ್ಳುವ ಶಕ್ತಿ ಯಾರಿಗಿದೆ, ಅದಕ್ಕೆ ಇನ್ಶೂರೆನ್ಸ್ ಮಾಡಿಸುವುದು ಯಾರಿಗೆ ಸುಲಭ ಅನ್ನುವುದರಿಂದ ಆಗಬೇಕು. ಹಡಗಿನ ಕಂಪನಿಯನ್ನು ಆರಿಸುವವರು, ಬಾಡಿಗೆ ಕೊಡುವವರು ಡಚ್ಚಿನವರಾದರೆ, ಆ ಕಂಪನಿಯ ವಶದಲ್ಲಿ ಮಾಲು ಇರುವಾಗ ಪ್ರಶ್ನೆ ಕೇಳುವ ಹಕ್ಕೂ ಅವರಿಗೇ ಇರುವುದು. ಫ್ಯಾಕ್ಟರಿಯಿಂದ ಗೇಟಿನ ತನಕ ಲಾರಿ ನಮ್ಮದು, ಡ್ರೈವರ್ ನಮ್ಮವರು. ಅದರ ಹೊಣೆ ನಮ್ಮದೇ ಇರಲಿ.

“ಹಾಗಾದ್ರೆ ಅದನ್ನು ಅವರಿಗೆ ಬಾಯಿ ಬಿಟ್ಟು ಹೇಳುವ. ಕಾಗದದಲ್ಲಿ ಸುಮ್ಮನೆ ತುರುಕುವುದು ಬೇಡ” ಅಂದರು ಚಿಕ್ಕಮ್ಮ.

ಹಾಗೇ ಮಾಡಿದೆವು. ವೀಡಿಯೋ ಕಾಲ್‌ನಲ್ಲಿ ನಾನು ಇಂಗ್ಲಿಷಿನಲ್ಲಿ ಮಾತಾಡಿದೆ, ಚಿಕ್ಕಮ್ಮ ಪಕ್ಕದಲ್ಲಿ ಕೂತಿದ್ದರು. ಪಣಂಬೂರು ಗೇಟಿನಿಂದ ಮುಂದೆ ರಿಸ್ಕ್ ನಿಮ್ಮದು, ಆದ್ದರಿಂದ ನಿಮ್ಮ ಇನ್ಶೂರೆನ್ಸ್ ಹಡಗಿನಿಂದ ಅಲ್ಲ, ಗೇಟಿನಿಂದಲೇ ಶುರುವಾಗಬೇಕು ಅಂತ ಬಿಡಿಸಿ ಹೇಳಿದೆವು. ಮೊದಲು ಅವರು ಒಪ್ಪಲಿಲ್ಲ. ನಮ್ಮ ಎಲ್ಲ ಸಪ್ಲೈಯರುಗಳೂ ಎಫ್‌ಒಬಿಯೇ ಅಂದರು. ಹಡಗಿನ ಬಾಡಿಗೆ ಹೇಗೂ ಅವರೇ ಮಾತಾಡುವುದು, ಇಡೀ ವರ್ಷಕ್ಕೆ ಒಂದೇ ಪಾಲಿಸಿ ಅವರ ಹತ್ತಿರ ಇದ್ದೇ ಇದೆ, ಅದರಲ್ಲಿ ಶುರುವಾಗುವ ಜಾಗ ಒಂದು ಬದಲಾದರೆ ಸಾಕು ಅಂದಾಗ ಎರಡು ದಿನ ಕೇಳಿ, ಆಮೇಲೆ ಹೂಂ ಅಂದರು. ರೇಟಿನಲ್ಲಿ ಸ್ವಲ್ಪ ಇಳಿಸಿದರು. ಚಿಕ್ಕಮ್ಮ ಲೆಕ್ಕ ಹಾಕಿ ನೋಡಿ ಒಪ್ಪಿದರು.

ಇನ್ನೊಂದು ಗಂಟು ಇತ್ತು. ದುಡ್ಡು ಎಲ್‌ಸಿ ಮೂಲಕ ಬರುವುದು. ಮಾಲು ಹಡಗು ಏರಿದೆ ಅಂತ ಬರೆದ ಬಿಲ್ ಆಫ್ ಲೇಡಿಂಗ್ ಕೊಟ್ಟರೆ ಮಾತ್ರ ಬ್ಯಾಂಕು ದುಡ್ಡು ಬಿಡುತ್ತದೆ. ಎಫ್‌ಸಿಎಯಲ್ಲಿ ಗೇಟಿನಲ್ಲೇ ಹೊಣೆ ಮುಗಿದವರ ಕೈಗೆ ಆ ಕಾಗದ ಹೇಗೆ ಬರಬೇಕು? ಇದಕ್ಕೆ 2020ರ ಆವೃತ್ತಿಯಲ್ಲಿ ದಾರಿ ಮಾಡಿದ್ದಾರೆ. ಮಾಲು ಏರಿಸಿದ ಮೇಲೆ ಆ ಕಾಗದವನ್ನು ಮಾರುವವರಿಗೆ ಕೊಡಿ ಅಂತ ಕೊಳ್ಳುವವರೇ ಸಾಗಣೆದಾರರಿಗೆ ಹೇಳಬೇಕು ಅಂತ ಒಪ್ಪಂದದಲ್ಲಿ ಬರೆಯಬಹುದು. ಒಂದು ಸಾಲು. ಆ ಸಾಲು ಇಲ್ಲದಿದ್ದರೆ ಮಾಲು ಹೋಗಿ ದುಡ್ಡು ಬ್ಯಾಂಕಿನಲ್ಲೇ ಸಿಕ್ಕಿಬೀಳುತ್ತಿತ್ತು.

ಜೂನ್ ಮೂರನೇ ವಾರ ಖಾಲಿ ಕಂಟೇನರ್ ಫ್ಯಾಕ್ಟರಿಗೆ ಬಂತು. ತುಂಬುವ ಮೊದಲು ಒಬ್ಬರು ಒಳಗೆ ಹೋಗಿ ನಿಂತು, ಹೊರಗಿನಿಂದ ಬಾಗಿಲು ಹಾಕಿಸಿ, ಎಲ್ಲಾದರೂ ಬೆಳಕು ಒಳಗೆ ಬರುತ್ತದಾ ಅಂತ ನೋಡಬೇಕು. ಸೂಜಿ ಮೊನೆಯಷ್ಟು ಬೆಳಕು ಬಂದರೂ ಅಲ್ಲಿಂದ ನೀರು ಬರುತ್ತದೆ. ಒಳಗೆ ಹೋದದ್ದು ಚಿಕ್ಕಮ್ಮನೇ. ಹೊರಗೆ ಬಂದು “ಕಗ್ಗತ್ತಲೆ” ಅಂದರು. ಒಳಗೆ, ಹೊರಗೆ, ಮಾಡಿಗೆ, ಎಲ್ಲದಕ್ಕೂ ತಾರೀಕು ಸಮೇತ ಫೋಟೋ ತೆಗೆದೆವು. ತೇವ ಹೀರುವ ಚೀಲಗಳನ್ನು ತೂಗು ಹಾಕಿ, 700 ಪೆಟ್ಟಿಗೆ ಇಟ್ಟು, ಇ-ಸೀಲ್ ಹಾಕಿ ಕಳಿಸಿದೆವು. ಸಂಜೆ ಗೇಟಿನ ಸ್ಲಿಪ್ಪು ಬಂತು. ಅದರಲ್ಲಿ ಕಂಟೇನರಿಗೆ ಏಟು ಬಿದ್ದಿದೆ, ತೂತಾಗಿದೆ ಅಂತ ಯಾವ ಷರಾವೂ ಇರಲಿಲ್ಲ.

ಹಡಗು ಬಂದದ್ದು ಎಂಟು ದಿನ ತಡವಾಗಿ. ಆ ಎಂಟೂ ದಿನ ಮಳೆ ಬಿಡಲಿಲ್ಲ. ರಿಸ್ಕ್ ದಾಟಿದ್ದರೂ ಚಿಕ್ಕಮ್ಮನಿಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಹಡಗು ಏರಿದ ಕಾಗದ ಬಾರದೆ ದುಡ್ಡು ಬರುವುದಿಲ್ಲ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಇನ್‌ಕೋಟರ್ಮ್ಸ್ ಹೇಳುವುದು ಖರ್ಚು, ರಿಸ್ಕ್, ಕಾಗದಪತ್ರದ ಕೆಲಸ ಯಾರದ್ದು ಅಂತ ಮಾತ್ರ. ದುಡ್ಡು ಯಾವಾಗ ಬರಬೇಕು, ಮಾಲಿನ ಮಾಲೀಕತ್ವ ಯಾವಾಗ ದಾಟುತ್ತದೆ, ಒಪ್ಪಂದ ಮುರಿದರೆ ಏನು ಅನ್ನುವುದೆಲ್ಲ ಬೇರೆಯಾಗಿ ಬರೆದುಕೊಳ್ಳಬೇಕು. ಜುಲೈ ಎರಡನೇ ವಾರ ದುಡ್ಡು ಬಂತು. ಆ ತಿಂಗಳು ಫ್ಯಾಕ್ಟರಿಯ ಹೆಂಗಸರಿಗೆ ಬಾಕಿ ಇದ್ದ ಸಂಬಳ ಪೂರ್ತಿ ಹೋಯಿತು.

ಆಗಸ್ಟ್ ಕೊನೆಗೆ ನೆದರ್‌ಲ್ಯಾಂಡ್ಸ್‌ನಿಂದ ಮೇಲ್. ಕಂಟೇನರಿನ ಒಂದು ಮೂಲೆಯಲ್ಲಿ 31 ಪೆಟ್ಟಿಗೆ ಒದ್ದೆಯಾಗಿ ಬೂಸ್ಟು ಹಿಡಿದಿದೆ, ಆ ದುಡ್ಡು ವಾಪಸ್ ಕೊಡಿ, ಇಲ್ಲವೇ ಮುಂದಿನ ಆರ್ಡರಿನಲ್ಲಿ ಕಳೆಯಿರಿ ಅಂತ. ಜೊತೆಗೆ ಫೋಟೋ. ಮಾಡಿನ ಮೂಲೆಯಲ್ಲಿ ಬೆರಳುದ್ದದ ಸೀಳು. ಎತ್ತುವಾಗ, ಇಡುವಾಗ ಏನೋ ತಾಗಿದ ಹಾಗೆ ಕಾಣುತ್ತಿತ್ತು.

ಇದು ಎಫ್‌ಒಬಿ ಆಗಿದ್ದರೆ ಮುಗಿಯದ ಜಗಳ. ಸೀಳು ಬಿದ್ದದ್ದು ಪಣಂಬೂರಿನ ಯಾರ್ಡಿನಲ್ಲೋ, ಹಡಗಿನ ಮೇಲೋ, ದಾರಿಯಲ್ಲಿ ಹಡಗು ಬದಲಾಯಿಸುವ ಬಂದರಿನಲ್ಲೋ ಅಂತ ಯಾರು ಹೇಳಬೇಕು? ಯಾರ್ಡಿನಲ್ಲೇ ಅಂತ ತೀರ್ಮಾನ ಆಗಿದ್ದರೆ ನಷ್ಟ ಚಿಕ್ಕಮ್ಮನದ್ದು. ಎಫ್‌ಸಿಎ ಆದ್ದರಿಂದ ಪ್ರಶ್ನೆ ಸಣ್ಣದಾಯಿತು. ಗೇಟಿನಲ್ಲಿ ಕೊಡುವಾಗ ಸೀಳು ಇತ್ತಾ, ಇರಲಿಲ್ಲವಾ? ಇರಲಿಲ್ಲ ಅನ್ನಲು ಸ್ಲಿಪ್ಪು ಇತ್ತು, ಮಾಡಿನ ಫೋಟೋ ಇತ್ತು.

ನಾನು ಅಷ್ಟನ್ನೇ ಬರೆದು, ಹೊಣೆ ನಮ್ಮದಲ್ಲ ಅಂತ ಉತ್ತರ ಕಳಿಸುವವಳಿದ್ದೆ. ಚಿಕ್ಕಮ್ಮ ತಡೆದರು. “ಹೊಣೆ ಅವರದ್ದು, ಸರಿ. ಆದ್ರೆ ಇನ್ಶೂರೆನ್ಸಿನವರಿಗೆ ತೋರಿಸ್ಲಿಕ್ಕೆ ಅವರಿಗೆ ಕಾಗದ ಬೇಕಲ್ಲ? ಕೊಡ್ಲಿಕ್ಕೆ ನಮಗೆ ಎಂತ ಕಷ್ಟ?” ಅದೇ ರಾತ್ರಿ ಫೋಟೋ, ಸ್ಲಿಪ್ಪು, ಪ್ಯಾಕಿಂಗ್ ಲಿಸ್ಟ್, ತೇವಾಂಶದ ರಿಪೋರ್ಟು ಎಲ್ಲ ಸೇರಿಸಿ ಕಳಿಸಿದೆವು. ಅವರ ಪಾಲಿಸಿ ಗೇಟಿನಿಂದಲೇ ಶುರುವಾಗಿತ್ತಲ್ಲ, ಸರ್ವೇಯರ್ ಬಂದು ನೋಡಿ ಹೋದರು. ಒಂದೂವರೆ ತಿಂಗಳಲ್ಲಿ ಇನ್ಶೂರೆನ್ಸ್ ದುಡ್ಡು ಅವರಿಗೆ ಸಿಕ್ಕಿತು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಇನ್ಶೂರೆನ್ಸ್ ಇದೆ ಅಂದ ಮಾತ್ರಕ್ಕೆ ಎಲ್ಲದಕ್ಕೂ ಇದೆ ಅಂತಲ್ಲ. ಸಿಐಎಫ್‌ನಲ್ಲಿ ಮಾರುವವರು ಮಾಡಿಸಬೇಕಾದ್ದು ಕನಿಷ್ಠ ರಕ್ಷಣೆ ಮಾತ್ರ. ಅದಕ್ಕೆ ಸಿ ಕ್ಲಾಸ್ ಅನ್ನುತ್ತಾರೆ. ಬೆಂಕಿ, ಡಿಕ್ಕಿ, ಹಡಗು ಮುಳುಗುವುದು ಇಂಥ ದೊಡ್ಡ ಅನಾಹುತಗಳು ಅದರಲ್ಲಿ ಬರುತ್ತವೆ. ಕಳ್ಳತನ ಬರುವುದಿಲ್ಲ, ಮಾಡಿನಿಂದ ಸೋರಿದ ಮಳೆನೀರೂ ಬರುವುದಿಲ್ಲ. ಸಿಐಪಿ ಅಂತ ಬರೆದರೆ ಮಾತ್ರ, 2020ರಿಂದ, ಎಲ್ಲಕ್ಕಿಂತ ವಿಶಾಲವಾದ ಎ ಕ್ಲಾಸ್ ಮಾಡಿಸಬೇಕು. ಎರಡರಲ್ಲೂ ಮೊತ್ತ ಒಪ್ಪಂದದ ಬೆಲೆಯ ಕನಿಷ್ಠ ಶೇ 110. ಒಂದೇ ಅಕ್ಷರದ ವ್ಯತ್ಯಾಸ, 31 ಪೆಟ್ಟಿಗೆಯ ಕಥೆಯೇ ಬೇರೆಯಾಗುತ್ತದೆ. ಡಚ್ಚಿನವರ ವಾರ್ಷಿಕ ಪಾಲಿಸಿ ಎ ಕ್ಲಾಸಿನದ್ದಾಗಿತ್ತು.

ಹಡಗು ಮುಳುಗದೇ ಇದ್ದರೂ ನಷ್ಟ ಬರಬಹುದು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಬಿತ್ತಲ್ಲ, ಆಗ ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಡಗನ್ನು ಉಳಿಸಲು ಆದ ಖರ್ಚಿನಲ್ಲಿ ಅದರೊಳಗೆ ಮಾಲು ಇದ್ದ ಪ್ರತಿಯೊಬ್ಬರೂ ಪಾಲು ಕೊಡಬೇಕು ಅನ್ನುವ ಹಳೆಯ ಕಡಲ ಪದ್ಧತಿ ಅದು. ನಿಮ್ಮ ಪೆಟ್ಟಿಗೆಗೆ ಒಂದು ಗೀರು ಬೀಳದಿದ್ದರೂ ಕೊಡಬೇಕು. ಇನ್ಶೂರೆನ್ಸ್ ಇದ್ದವರ ಪರವಾಗಿ ಕಂಪನಿ ಗ್ಯಾರಂಟಿ ಬರೆದುಕೊಡುತ್ತದೆ. ಇಲ್ಲದವರು ಕೈಯಿಂದ ಡೆಪಾಸಿಟ್ ಕಟ್ಟಿದ ಮೇಲೆಯೇ ಮಾಲು.

ನಿಮ್ಮಲ್ಲಿ ಕೆಲವರು ಮಾರುವವರಲ್ಲ, ಕೊಳ್ಳುವವರು. ಸಣ್ಣ ಸ್ಟಾರ್ಟಪ್ಪಿಗೆ ಚೀನಾದಿಂದ ಮೆಷಿನ್ ತರಿಸುವವರು, ಆನ್‌ಲೈನ್ ಅಂಗಡಿಗೆ ಬಿಡಿಭಾಗ ತರಿಸುವವರು. ಎಫ್‌ಒಬಿಯಲ್ಲಿ ಕೊಂಡರೆ ಕಸ್ಟಮ್ಸ್ ಸುಂಕವೂ ಆ ಕಡಿಮೆ ಬೆಲೆಯ ಮೇಲೇ ಅಂತ ತಿಳಿಯಬೇಡಿ. ನಮ್ಮಲ್ಲಿ ಸುಂಕ ಲೆಕ್ಕ ಹಾಕುವುದು ಬಾಡಿಗೆ, ಇನ್ಶೂರೆನ್ಸ್ ಸೇರಿಸಿದ ಬೆಲೆಯ ಮೇಲೆ. ಬಾಡಿಗೆ ಎಷ್ಟು ಅಂತ ತೋರಿಸಲು ಆಗದಿದ್ದರೆ ಎಫ್‌ಒಬಿ ಬೆಲೆಯ ಶೇ 20ರಷ್ಟನ್ನು ಬಾಡಿಗೆ ಅಂತಲೂ, ಇನ್ಶೂರೆನ್ಸ್ ತೋರಿಸದಿದ್ದರೆ ಶೇ 1.125 ಅಂತಲೂ ಸೇರಿಸುತ್ತಾರೆ. ಆದ್ದರಿಂದ ಬಾಡಿಗೆಯ ಬಿಲ್ ಜೋಪಾನ.

ನಮ್ಮ ಆಫೀಸಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಪದ ಆರಿಸುವ ಮೊದಲು ಕಾಗದದ ಮೇಲೆ ಫ್ಯಾಕ್ಟರಿಯಿಂದ ಗೋದಾಮಿನ ತನಕ ಒಂದು ಗೆರೆ ಎಳೆಯಿರಿ. ಮಾಲು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಅಂತ ಒಂದೊಂದು ಚುಕ್ಕೆ ಇಡಿ. ಯಾವ ಚುಕ್ಕೆಯ ತನಕ ನೀವು ಫೋನ್ ಮಾಡಿ ಕೇಳಬಹುದು, ಹೋಗಿ ನೋಡಬಹುದು, ಬೈದು ಸರಿ ಮಾಡಿಸಬಹುದು, ಅಲ್ಲಿಯವರೆಗೆ ಹೊಣೆ ಹೊರಿ. ಅದರಾಚೆಯದ್ದನ್ನು ಹೊರುವವರಿಗೆ ಸ್ಪಷ್ಟವಾಗಿ ತಿಳಿಸಿ. ಆಮೇಲೆ ಪದ, ಊರು ಮಾತ್ರವಲ್ಲದೆ ಆ ಊರಿನ ಯಾವ ಜಾಗ ಅನ್ನುವುದು, ಮತ್ತು ಇನ್‌ಕೋಟರ್ಮ್ಸ್ 2020 ಅಂತ, ಮೂರನ್ನೂ ಬರೆಯಿರಿ. ಬರೀ ‘ಎಫ್‌ಸಿಎ ಮಂಗಳೂರು’ ಅಂದರೆ ಬಜಪೆಯ ಏರ್‌ಪೋರ್ಟೋ, ಪಣಂಬೂರೋ ಅಂತ ಆಮೇಲೆ ಲಾಯರುಗಳು ಹುಡುಕಬೇಕಾಗುತ್ತದೆ.

ಡಿಸೆಂಬರಿನಲ್ಲಿ ಅದೇ ಖರೀದಿದಾರರಿಂದ ಎರಡನೇ ಆರ್ಡರ್ ಬಂತು. ಈ ಸಲ ಒಂದೇ ರೇಟು ಇತ್ತು. ಒಪ್ಪಂದದ ಕರಡನ್ನು ಚಿಕ್ಕಮ್ಮನೇ ಟೈಪ್ ಮಾಡಿಸಿ ನನಗೆ ವಾಟ್ಸ್ಯಾಪ್ ಮಾಡಿದ್ದರು. ಪದ ಇತ್ತು, ಟರ್ಮಿನಲ್ ಹೆಸರಿತ್ತು, ಇಸವಿ ಇತ್ತು, ಬಿಲ್ ಆಫ್ ಲೇಡಿಂಗ್‌ನ ಆ ಒಂದು ಸಾಲೂ ಇತ್ತು. ಕೆಳಗೆ ಅವರೇ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದರು. ಮಾಲಿಗೆ ಏನಾದರೂ ಆದರೆ, ಹೊಣೆ ಯಾರದ್ದೇ ಇರಲಿ, ಬೇಕಾದ ದಾಖಲೆಗಳನ್ನು ಇಬ್ಬರೂ ಮೂರು ದಿನದೊಳಗೆ ಒಬ್ಬರಿಗೊಬ್ಬರು ಕೊಡಬೇಕು ಅಂತ. ನಾನು ಏನೂ ತಿದ್ದಲಿಲ್ಲ.